ಕೆಳಗಿನ ಸಣ್ಣ ಅಕ್ಷರ

ಹನ್ನೊಂದು ದಿನ ಯಾರೂ ನನ್ನ ಹತ್ತಿರ ದೂರು ತರಲಿಲ್ಲ. ನನ್ನ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ ನಾನು ಅಲ್ಲಿಂದಲೇ ಶುರುಮಾಡಬೇಕಾಗುತ್ತದೆ.

ನಮ್ಮದು ಕಿವಿ ಕೇಳದ ಮಕ್ಕಳ ವಸತಿ ಶಾಲೆ. ನೂರ ನಲವತ್ತಮೂರು ಮಕ್ಕಳು. ಅಲ್ಲಿನ ಕಂಪ್ಯೂಟರುಗಳು, ಅವುಗಳ ತಂತಿಗಳು, ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಬಿಡುವಿಲ್ಲದೆ ಗುಂಯ್‌ಗುಡುವ ಮೇಲ್ ಸರ್ವರ್, ಎಲ್ಲ ನನ್ನ ಸುಪರ್ದಿಯಲ್ಲಿವೆ. ದೊಡ್ಡ ಮಕ್ಕಳು ಮನೆಗೆ ತಾವೇ ಮೇಲ್ ಬರೆಯುತ್ತಾರೆ. ಇನ್ನೂ ಬರೆಯಲು ಬಾರದ ಚಿಕ್ಕವರ ಪರವಾಗಿ ವಾರ್ಡನ್ ಬರೆಯುತ್ತಾರೆ. ಪ್ರತಿ ಶನಿವಾರ ಕೂತು, ಇವಳಿಗೆ ಹಲ್ಲು ಬಿತ್ತು, ಇವನು ಈಗ ಶೂ ಲೇಸು ತಾನೇ ಕಟ್ಟಿಕೊಳ್ಳುತ್ತಾನೆ ಎಂದು ಒಬ್ಬೊಬ್ಬರ ಮನೆಗೂ ಬೇರೆ ಬೇರೆ ಪತ್ರ. ಇಪ್ಪತ್ತೆರಡು ವರ್ಷಗಳಿಂದ ಬರೆಯುತ್ತಿದ್ದಾರೆ. ಮೊದಲು ಅಂಚೆಯಲ್ಲಿ, ಈಗ ಮೇಲ್‌ನಲ್ಲಿ.

ಆ ವಾರ್ಡನ್ ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಅಮ್ಮ ಹೋದ ಮೇಲೆ ನಾನು ಕಾಲೇಜು ಮುಗಿಸುವವರೆಗೆ ಇದ್ದದ್ದು ಹಾಸ್ಟೆಲಿನ ಹಿಂದೆ ಶಾಲೆ ಅವಳಿಗೆ ಕೊಟ್ಟಿರುವ ಎರಡು ಕೋಣೆಗಳಲ್ಲಿ. ಈ ಕೆಲಸಕ್ಕೆ ನನ್ನ ಹೆಸರು ಹೇಳಿದವಳೂ ಅವಳೇ. ನಾನು ಆಫೀಸಿನಲ್ಲೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದುದರಿಂದ ಕ್ರಮೇಣ ಟೀಚರುಗಳಿಗೂ, ಗೇಟಿನವನಿಗೂ, ತರಕಾರಿ ತರುವವನಿಗೂ ಅವಳು ಚಿಕ್ಕಮ್ಮನೇ ಆಗಿಬಿಟ್ಟಳು.

ಹನ್ನೆರಡನೆಯ ದಿನ ಬೆಳಿಗ್ಗೆ ಏಳೂವರೆಗೆ ಗೇಟಿನವನು ಶಾಲೆಯ ಎದುರಿಗಿರುವ ನನ್ನ ಬಾಡಿಗೆ ಕೋಣೆಯ ಬಾಗಿಲು ಬಡಿದ.

"ಬೇಗ ಬಾ ಮಾರಾಯ. ಒಬ್ಬರು ಬಂದಿದಾರೆ. ನಾನು ತಡೆಯೋಕೆ ಹೋದ್ರೆ ನನ್ನನ್ನೇ ತಳ್ಕೊಂಡು ಹೋದ್ರು."

ಹಾಸ್ಟೆಲಿನ ಮೊಗಸಾಲೆಯಲ್ಲಿ ದಿನದಂತೆ ಚಿಕ್ಕಮ್ಮ ಬೆಂಚಿನ ಮೇಲೆ ಕೂತು ಹುಡುಗಿಯರಿಗೆ ಜಡೆ ಹಾಕುತ್ತಿದ್ದಳು. ಒಬ್ಬಳ ಜಡೆ ಕೈಯಲ್ಲಿ, ಉಳಿದವರು ಸಾಲಿನಲ್ಲಿ. ಮೊಗಸಾಲೆಯ ಆ ತುದಿಯಲ್ಲಿ ಒಬ್ಬ ಗಂಡಸು ನಿಂತಿದ್ದರು. ಅಂಗಿಯ ಗುಂಡಿ ಮೇಲೆಕೆಳಗಾಗಿ ಹಾಕಿಕೊಂಡಿದ್ದರು, ಕೈಯಲ್ಲಿ ಫೋನು. ಅವರು ಸಾಲಿನಲ್ಲಿದ್ದ ಮೂರನೆಯ ಹುಡುಗಿಯನ್ನು ನೋಡುತ್ತಿದ್ದರು. ಅವಳ ಬೆನ್ನು ಇವರ ಕಡೆಗಿತ್ತು. ಕೂಗಿದರೆ ಅವಳಿಗೆ ಕೇಳುವುದಿಲ್ಲ. ಅವರು ನೆಲಕ್ಕೆ ಎರಡು ಸಲ ಕಾಲು ಬಡಿದರು. ಅಂಗಾಲಿಗೆ ಅದು ತಾಗಿ ಹುಡುಗಿ ತಿರುಗಿದಳು, ಅಪ್ಪನನ್ನು ಕಂಡು ನಕ್ಕಳು. ಅವರು ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತರು.

ನಾನು ಅವರ ಫೋನು ತೆಗೆದುಕೊಂಡು ಓದಿದೆ. ನಿಮ್ಮ ಮಗುವಿಗೆ ತೀವ್ರ ಅನಾರೋಗ್ಯ, ವಿವರಕ್ಕೆ ಜೊತೆಯ ಕಡತ ತೆರೆಯಿರಿ ಎಂದಿತ್ತು. ಕೆಳಗೆ ವಾರ್ಡನ್ ಎಂದು ಸಹಿ. ಕಳಿಸಿದ ವಿಳಾಸ ಚಿಕ್ಕಮ್ಮನದೇ.

"ನಿಮ್ಮ ಹೆಸರಲ್ಲೇ ಬಂದಿದೆ. ನೀವೇ ಬರ್ದಿದ್ದಲ್ವಾ?" ಎಂದು ಅವರು ಚಿಕ್ಕಮ್ಮನನ್ನು ಕೇಳಿದರು.

"ನಾನು ಶನಿವಾರ ಬಿಟ್ಟು ಬೇರೆ ದಿನ ಬರೆಯೋದೇ ಇಲ್ಲಪ್ಪ," ಎಂದಳು ಚಿಕ್ಕಮ್ಮ. ಅರ್ಧ ಹೆಣೆದ ಜಡೆ ಇನ್ನೂ ಅವಳ ಕೈಯಲ್ಲಿತ್ತು.

"ಎರಡು ಗಂಟೆ ದಾರಿ. ಎರಡು ಗಂಟೆ ನಾನು ಏನೇನು ಅಂದ್ಕೊಂಡು ಬಂದೆ ಗೊತ್ತಾ ನಿಮಗೆ?" ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಇಂಥ ಕೈಗೆ ಮಕ್ಕಳನ್ನ ಒಪ್ಪಿಸಿ ನಾವು ಹೆಂಗೆ ನಿದ್ದೆ ಮಾಡೋದು?"

ಒಂಬತ್ತರ ಹೊತ್ತಿಗೆ ಆಫೀಸಿನ ಫೋನು ಇಟ್ಟ ಕೂಡಲೇ ಮತ್ತೆ ಹೊಡೆದುಕೊಳ್ಳತೊಡಗಿತು. ನೂರ ನಲವತ್ತಮೂರು ಮನೆಗಳಿಗೂ ಅದೇ ಪತ್ರ ಹೋಗಿತ್ತು. ಆ ತಂದೆ ಹೋಗುವ ಮೊದಲು ಹೆಡ್‌ಮೇಡಂ ಕೋಣೆಯಲ್ಲಿ ಕೂತು, ಈ ವಾರ್ಡನ್ ಅನ್ನು ತೆಗೆಯಬೇಕು ಎಂದು ಬರೆದುಕೊಟ್ಟು ಹೋದರು. ಮಧ್ಯಾಹ್ನದೊಳಗೆ ಇನ್ನೂ ಹದಿನೇಳು ಮನೆಯವರು ಅದನ್ನೇ ಬರೆದರು. ಹೆಡ್‌ಮೇಡಂ ಎರಡು ವಾರದ ತರಬೇತಿ ಮುಗಿಸಿ ಹಿಂದಿನ ಸಂಜೆಯಷ್ಟೇ ವಾಪಸಾಗಿದ್ದರು. ಮರುದಿನ ಹನ್ನೊಂದಕ್ಕೆ ವಿಚಾರಣೆ ಎಂದರು. ವಾರ್ಡನ್ ಕೆಲಸ ಹೋದರೆ ಆ ಎರಡು ಕೋಣೆಗಳೂ ಹೋಗುತ್ತವೆ, ಬೆಳಗಿನ ಜಡೆಗಳ ಸಾಲೂ ಹೋಗುತ್ತದೆ. ಅವಳಿಗೆ ಬೇರೆ ಏನೂ ಇರಲಿಲ್ಲ.

ನಾನು ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಸರ್ವರಿನ ಮುಂದೆ ಕೂತೆ. ಏನು ಕಾಣಲಿದೆ ಎಂದು ಕೂರುವ ಮೊದಲೇ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಸರ್ವರಿಗೊಂದು ಸರ್ಟಿಫಿಕೇಟ್ ಇರುತ್ತದೆ. ನಾನು ನಿಜವಾಗಿ ಈ ಶಾಲೆಯ ಸರ್ವರೇ, ಬೇರೆ ಯಾರೋ ವೇಷ ಹಾಕಿಕೊಂಡು ಬಂದವನಲ್ಲ ಎಂದು ತೋರಿಸುವ ಗುರುತಿನ ಚೀಟಿ ಅದು. ಮೂರು ತಿಂಗಳಿಗೊಮ್ಮೆ ಅದರ ಅವಧಿ ಮುಗಿಯುತ್ತದೆ. ಮುಗಿದ ಚೀಟಿ ಹಿಡಿದು ನಿಂತರೆ ಬ್ರೌಸರ್ ಕೆಂಪು ಪುಟ ತೋರಿಸಿ, ಇವರನ್ನು ನಂಬಬೇಡಿ ಎನ್ನುತ್ತದೆ. ನಮ್ಮ ಚೀಟಿ ಹನ್ನೊಂದು ದಿನದ ಹಿಂದೆ ಮುಗಿದಿತ್ತು.

ಸೋಜಿಗವೆಂದರೆ ಹೊಸದು ಇಲ್ಲದೆ ಇರಲಿಲ್ಲ. ನಲವತ್ತೊಂದು ದಿನದ ಹಿಂದೆಯೇ ಹೊಸ ಚೀಟಿ ತನ್ನಷ್ಟಕ್ಕೆ ಬಂದು ಡಿಸ್ಕಿನಲ್ಲಿ ಇರಬೇಕಾದ ಜಾಗದಲ್ಲೇ ಕೂತಿತ್ತು. ಬಂದಿದೆ ಎಂದು ಮೇಲ್ ಕಾರ್ಯಕ್ರಮಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೇ. ಅದು ತಾನು ಎದ್ದಾಗ ಓದಿಕೊಂಡ ಹಳೆಯದನ್ನೇ ಹಿಡಿದು ಬಾಗಿಲಲ್ಲಿ ನಿಂತಿತ್ತು. ಹೇಳುವ ಕೆಲಸಕ್ಕೆಂದೇ ಸರ್ವರಿನಲ್ಲಿ ಒಂದು ಸಾಲಿನ ಆಜ್ಞೆ ಇದೆ. ಹಿಂದಿನ ಹೆಡ್‌ಮೇಡಂ ಇದ್ದಾಗ ಒಮ್ಮೆ ಆ ಸಾಲು ಕೆಲಸದ ಹೊತ್ತಿನಲ್ಲಿ ನಡೆದು, ಅವರು ಬರೆಯುತ್ತಿದ್ದ ಉದ್ದದ ಪತ್ರ ಅರ್ಧಕ್ಕೇ ಹಾರಿಹೋಯಿತು. ಎಲ್ಲರೆದುರು ಬೈದರು. ಅಂದು ನಾನು ಆ ಸಾಲಿನ ಮುಂದೆ ಒಂದು ಗುರುತು ಹಾಕಿದೆ. ಆ ಗುರುತು ಹಾಕಿದ ಸಾಲನ್ನು ಯಂತ್ರ ಓದುವುದಿಲ್ಲ. ಇನ್ನು ಮುಂದೆ ಕೈಯಾರೆ ಮಾಡುತ್ತೇನೆ ಎಂದುಕೊಂಡೆ. ಮಾಡುತ್ತಲೂ ಇದ್ದೆ, ಎರಡು ದಿನ ತಡವಾಗಿ, ಮೂರು ದಿನ ತಡವಾಗಿ.

ಗುರುತು ಅಳಿಸಿದೆ, ಒಂದು ಆಜ್ಞೆ ಬರೆದೆ. ನಾಲ್ಕು ಸೆಕೆಂಡು ಹಿಡಿಯಿತು. ಕೆಂಪು ಪುಟ ಹೋಯಿತು.

ಆಮೇಲೆ ಯಾರು ಯಾವಾಗ ಬಂದರೆಂದು ಸರ್ವರ್ ಬರೆದಿಟ್ಟುಕೊಳ್ಳುವ ಲಾಗ್ ತೆಗೆದು ಚಿಕ್ಕಮ್ಮನ ಖಾತೆಯ ಓಡಾಟ ಹುಡುಕಿದೆ. ಬೆಳಿಗ್ಗೆ ಐದು ಹತ್ತಕ್ಕೆ ಯಾರೋ ಎಲ್ಲಿಂದಲೋ ಅವಳ ಸರಿಯಾದ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದಿದ್ದರು. ಎಂಟು ದಿನದ ಹಿಂದೆ ಅವಳಿಗೊಂದು ಮೇಲ್ ಬಂದಿತ್ತು: ನಿಮ್ಮ ಅಂಚೆಡಬ್ಬಿ ತುಂಬಿದೆ, ಇಲ್ಲಿ ಒತ್ತಿ ಮತ್ತೆ ಪಾಸ್‌ವರ್ಡ್ ಕೊಡಿ.

ವಾರ್ಡನ್ ಕೋಣೆಗೆ ಹೋದೆ. ಅವಳು ಫೋನಿನಲ್ಲಿ ಯಾವುದೋ ತಾಯಿಗೆ, "ಇಲ್ಲಮ್ಮ, ಚೆನ್ನಾಗಿದಾನೆ, ಈಗಷ್ಟೇ ಎರಡನೇ ಸಲ ಬಡಿಸ್ಕೊಂಡ," ಎನ್ನುತ್ತಿದ್ದಳು. ಇಟ್ಟ ಮೇಲೆ ಕೇಳಿದೆ.

"ಚಿಕ್ಕಮ್ಮ, ಡಬ್ಬಿ ತುಂಬಿದೆ ಅಂತ ಒಂದು ಮೇಲ್ ಬಂದಿತ್ತಾ?"

"ಬಂದಿತ್ತು. ನೀನೇ ಕಳಿಸಿದ್ದು ಅಂದ್ಕೊಂಡೆ. ಒತ್ತಿದೆ."

"ಒತ್ತಿದಾಗ ಕೆಂಪು ಪುಟ ಬಂತಾ?"

"ಬಂತಪ್ಪ. ಆ ವಾರ ಪೂರ್ತಿ ಎಲ್ಲದಕ್ಕೂ ಬರ್ತಿತ್ತಲ್ಲ. ಹಲ್ಲುಜ್ಜಿದ ಹಾಗೆ ಅದನ್ನೂ ಒತ್ತಿ ಮುಂದಕ್ಕೆ ಹೋಗೋದು." ಅವಳು ಕೀಬೋರ್ಡನ್ನು ಮಗುಚಿ ಅಡಿಗೆ ಅಂಟಿಸಿದ್ದ ಕಾಗದದ ಚೀಟಿ ತೋರಿಸಿದಳು. "ನೋಡು, ನಿನ್ನ ಚೀಟೀಲಿ ಇರೋ ಹಾಗೇ ಮಾಡಿದೀನಿ. ಯಾಕೆ, ತಪ್ಪಾಯ್ತಾ?"

"ನೋಡ್ತೀನಿ," ಎಂದೆ. ಆ ಕ್ಷಣ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಆ ಚೀಟಿಯ ಕಥೆ ಇಷ್ಟು. ಮೂರು ವರ್ಷದ ಹಿಂದೆ ಮೊದಲ ಸಲ ಸರ್ಟಿಫಿಕೇಟ್ ಮುಗಿದಾಗ ನಾನು ರಜೆಯಲ್ಲಿದ್ದೆ. ಏಳು ಕಂಪ್ಯೂಟರುಗಳಿಂದ ಏಳು ಜನ ಫೋನು ಮಾಡಿದರು. ಏಳು ಜನಕ್ಕೂ ಒಂದೇ ಉಪಾಯ ಹೇಳಿದೆ. ಬಂದ ಮೇಲೆ, ಮತ್ತೆ ಮತ್ತೆ ಹೇಳುವ ತಲೆನೋವು ಬೇಡವೆಂದು ಏಳು ಚೀಟಿ ಬರೆದು ಕೀಬೋರ್ಡುಗಳ ಅಡಿಗೆ ಅಂಟಿಸಿದೆ. ಕಾಣುವ ಹಾಗೆ ಅಂಟಿಸಿದರೆ ಬಂದು ಹೋಗುವವರ ಕಣ್ಣಿಗೆ ಚೆನ್ನಾಗಿರುವುದಿಲ್ಲ. "ಕೆಂಪು ಪುಟ ಬಂದರೆ ಹೆದರಬೇಡಿ. ಅಡ್ವಾನ್ಸ್ಡ್ ಒತ್ತಿ. ಕೆಳಗಿನ ಸಣ್ಣ ಅಕ್ಷರ ಒತ್ತಿ. ಎಲ್ಲ ಸರಿಹೋಗುತ್ತದೆ." ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದ್ದೆ.

ಕಂಪ್ಯೂಟರ್ ತರಗತಿಯಲ್ಲಿ ಮಕ್ಕಳಿಗೂ ಅದನ್ನೇ ತೋರಿಸಿಕೊಟ್ಟೆ. ನಮ್ಮ ಶಾಲೆಯಲ್ಲಿ ಎಲ್ಲರಿಗೂ ಎರಡೆರಡು ಹೆಸರು, ಒಂದು ಕಾಗದದಲ್ಲಿ, ಇನ್ನೊಂದು ಕೈಸನ್ನೆಯಲ್ಲಿ. ಹೆಡ್‌ಮೇಡಂ ಎಂದರೆ ಮಣಿಕಟ್ಟಿನ ಮೇಲೆ ಎರಡು ಬೆರಳು, ಅವರು ಗಳಿಗೆಗೊಮ್ಮೆ ಗಡಿಯಾರ ನೋಡುವುದರಿಂದ. ಚಿಕ್ಕಮ್ಮ ಎಂದರೆ ಹೆಗಲ ಹತ್ತಿರ ಜಡೆ ಹೆಣೆಯುವ ಕೈ. ಆ ವಾರ ನನಗೂ ಹೆಸರು ಬಿತ್ತು. ಇಟ್ಟವರು ಹೊಲಿಗೆ ಟೀಚರ್. ಅವರಿಗೂ ಹುಟ್ಟಿನಿಂದ ಕಿವಿ ಕೇಳದು. ಮುಖದ ಮುಂದೆ ಎಡಗೈ ಅಂಗೈ, ಅದು ಕೆಂಪು ಪುಟ. ಅಂಗೈಯ ಕೆಳಗಿನ ಅಂಚನ್ನು ಬಲಗೈ ಬೆರಳಿನಿಂದ ಎರಡು ಸಲ ತಟ್ಟುವುದು. ಆಮೇಲೆ ಅಂಗೈಯನ್ನು ಪಕ್ಕಕ್ಕೆ ತಳ್ಳುವುದು. ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೂ ಖುಷಿಯಾಗಿತ್ತು. ಹೆಸರು ಬೀಳುವುದೆಂದರೆ ನಮ್ಮವನಾದ ಎಂದು ಅರ್ಥ.

ಸರ್ಟಿಫಿಕೇಟ್ ಮುಗಿದಾಗ ತಾಳ್ಮೆಗೆಡುತ್ತಿದ್ದವರು ಆಮೇಲೆ ಒಬ್ಬರೇ. ಹದಿನಾಲ್ಕು ತಿಂಗಳ ಹಿಂದೆ ಬಂದ ಈ ಹೊಸ ಹೆಡ್‌ಮೇಡಂ. ಅವರು ಮೇಲ್ ಓದುವುದು ಫೋನಿನಲ್ಲಿ. ಅಲ್ಲಿ ಸರ್ಟಿಫಿಕೇಟ್ ಮುಗಿದರೆ ಮೇಲ್ ಬರುವುದೇ ಇಲ್ಲ. ಐದು ನಿಮಿಷದಲ್ಲಿ ಕರೆಯುತ್ತಿದ್ದರು, ನಾನು ಓಡಿಹೋಗಿ ಸರಿಮಾಡುತ್ತಿದ್ದೆ. ಈ ಸಲ ಅವರು ತರಬೇತಿಯಲ್ಲಿದ್ದರು, ಅಲ್ಲಿನವರು ಎಲ್ಲರ ಫೋನು ತೆಗೆದಿಟ್ಟುಕೊಂಡಿದ್ದರಂತೆ. ಉಳಿದವರೆಲ್ಲ ಚೀಟಿ ಪಾಲಿಸುತ್ತಿದ್ದರು. ಪಾಸ್‌ವರ್ಡ್ ಕದಿಯುವ ಸುಳ್ಳು ಪುಟ ಬಂದ ದಿನ ನಿಜದ ಪುಟವೂ ಕೆಂಪಾಗಿತ್ತು. ಚಿಕ್ಕಮ್ಮನಿಗೆ ಗೊತ್ತಾಗುವುದಾದರೂ ಹೇಗೆ?

ಮರುದಿನ ಬೆಳಿಗ್ಗೆ ಆರೂವರೆಗೆ ಶಾಲೆಗೆ ಬಂದೆ. ಏಕೆ ಬಂದೆ ಎಂದು ನನಗೆ ನಾನು ಹೇಳಿಕೊಳ್ಳಲಿಲ್ಲ. ಸ್ಟಾಫ್ ರೂಮಿನಲ್ಲಿ ನಾಲ್ಕು ಕೀಬೋರ್ಡು ಮಗುಚಿದೆ, ಲೈಬ್ರರಿಯಲ್ಲಿ ಒಂದು, ಆಫೀಸಿನಲ್ಲಿ ಒಂದು. ಉಗುರಿನಿಂದ ಕೆರೆದು ಕೆರೆದು ಆರು ಚೀಟಿ ತೆಗೆದು ಚೂರುಚೂರು ಮಾಡಿದೆ. ಹಳೆಯ ಅಂಟು ಉಗುರಿನ ಸಂದಿಯಲ್ಲಿ ಕೂತಿತು. ಏಳನೆಯದು ಚಿಕ್ಕಮ್ಮನ ಕೋಣೆಯಲ್ಲಿತ್ತು. ಅವಳು ಮೊಗಸಾಲೆಯ ಬೆಂಚಿನಲ್ಲಿರುವುದನ್ನು ನೋಡಿಕೊಂಡು ಒಳಗೆ ಹೋಗಿ ಕೀಬೋರ್ಡು ಎತ್ತಿದೆ. ಅಲ್ಲಿ ಚೀಟಿ ಇರಲಿಲ್ಲ. ಟೇಪಿನ ನಾಲ್ಕು ಗುರುತು ಮಾತ್ರ ಇತ್ತು.

ಅವಳು ಅದನ್ನು ವಿಚಾರಣೆಗೆ ಇಟ್ಟುಕೊಂಡಿದ್ದಾಳೆ ಎಂದು ಮೊದಲು ಅನ್ನಿಸಿತು. ಅನ್ನಿಸಿದ ಕೂಡಲೇ ಹೆದರಿಕೆಯಾಯಿತು. ನನ್ನನ್ನು ಸಾಕಿದವಳ ಬಗ್ಗೆ ನನಗೆ ಬಂದ ಮೊದಲ ಯೋಚನೆ ಅದು.

ಹನ್ನೊಂದಕ್ಕೆ ಹೆಡ್‌ಮೇಡಂ ಕೋಣೆಯಲ್ಲಿ ಆಡಳಿತ ಮಂಡಳಿಯ ಇಬ್ಬರು ಕೂತಿದ್ದರು. ಚಿಕ್ಕಮ್ಮ ಕುರ್ಚಿಯ ತುದಿಯಲ್ಲಿ. ತಿಳಿದವನೆಂದು ನನ್ನನ್ನೂ ಕರೆದಿದ್ದರು.

"ಆ ಪುಟ ಎಚ್ಚರಿಕೆ ಕೊಟ್ಟಿತ್ತು. ನಂಬಬೇಡಿ ಅಂತ ಬರೆದೇ ಇತ್ತು. ಆದ್ರೂ ನೀವು ಯಾಕೆ ಒತ್ತಿದ್ರಿ?" ಹೆಡ್‌ಮೇಡಂ ಕೇಳಿದರು.

"ಗಮನ ಇಲ್ಲದೆ ಒತ್ತಿದೆ ಮೇಡಂ."

"ಯಾರಾದ್ರೂ ಹಾಗೆ ಮಾಡಿ ಅಂದಿದ್ರಾ?"

ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಅದಕ್ಕೇ ನೋಡಲಿಲ್ಲ.

"ಇಲ್ಲ. ನನ್ನದೇ ದಡ್ಡತನ."

"ನೀವೇನು ಹೇಳ್ತೀರಿ?" ಎಂದು ಹೆಡ್‌ಮೇಡಂ ನನ್ನತ್ತ ತಿರುಗಿದರು.

"ಸರ್ವರಿನಲ್ಲೂ ಒಂದು ಸಣ್ಣ ತೊಂದರೆ ಇತ್ತು," ಎಂದೆ. "ಸರಿಹೋಗಿದೆ."

ಇತ್ತು, ಸರಿಹೋಗಿದೆ. ಯಾರು ಮಾಡಿದರು ಎಂದು ಹೇಳದೆಯೇ ಮುಗಿದುಹೋಗುವ ವಾಕ್ಯಗಳು ನಮ್ಮ ಭಾಷೆಯಲ್ಲಿ ಬೇಕಾದಷ್ಟಿವೆ.

ತಿಂಗಳ ಕೊನೆಗೆ ವಾರ್ಡನ್ ಬೀಗದ ಕೈ ಒಪ್ಪಿಸಬೇಕು, ಇವತ್ತಿನಿಂದಲೇ ಮನೆಗಳಿಗೆ ಪತ್ರ ಬರೆಯುವುದು ನಿಲ್ಲಬೇಕು ಎಂದು ತೀರ್ಮಾನವಾಯಿತು. ಚಿಕ್ಕಮ್ಮ ಎದ್ದು ನಿಂತಳು. "ಒಂದನೇ ಕ್ಲಾಸಿನ ಪುಟ್ಟಿಗೆ ಶುಕ್ರವಾರ ಕಿವಿಯಂತ್ರ ಬದಲಾಯಿಸ್ತಾರೆ. ಅವರ ಮನೆಗೆ ಯಾರಾದ್ರೂ ತಿಳಿಸ್ಬೇಕು," ಎಂದಷ್ಟೇ ಹೇಳಿ ಹೋದಳು.

ಆ ಇಡೀ ದಿನ ನಾನು ನನ್ನ ಕೋಣೆಯಲ್ಲಿ ಕೂತಿದ್ದೆ. ಮಾರನೆಯ ದಿನ ಮೊದಲ ಗಂಟೆಗೇ ಹೆಡ್‌ಮೇಡಂ ಬಾಗಿಲು ತಟ್ಟಿದೆ. ಎಲ್ಲ ಹೇಳಿದೆ. ಮುಗಿದ ಸರ್ಟಿಫಿಕೇಟ್, ಗುರುತು ಹಾಕಿದ ಸಾಲು, ಏಳು ಚೀಟಿ, ಅದರ ನಾಲ್ಕು ವಾಕ್ಯ. ಹೇಳುತ್ತ ಹೇಳುತ್ತ ಎದೆಯ ಭಾರ ಇಳಿಯುತ್ತಿದೆ ಎಂದೂ ಅನ್ನಿಸಿತು.

ಅವರು ಅಡ್ಡ ಮಾತಾಡದೆ ಕೇಳಿಸಿಕೊಂಡರು. ಕೊನೆಗೆ, "ಆ ಚೀಟಿ ಎಲ್ಲಿದೆ?" ಎಂದರು.

"ಹರಿದುಹಾಕಿದೆ."

"ಏಳನ್ನೂ?"

"ಆರನ್ನು. ಇನ್ನೊಂದು ಇಲ್ಲ."

"ಯಾಕೆ ಹರಿದ್ರಿ?"

"ಹೆದರಿ."

ಅವರು ನಕ್ಕರು. ಅದು ಹಂಗಿಸುವ ನಗೆಯಲ್ಲ. ಹಾಗಿದ್ದರೆ ಸಹಿಸಬಹುದಿತ್ತು.

"ಹೆದರೋರು ತಾವಾಗೇ ಬಂದು ಹೇಳ್ತಾರಾ? ನೋಡಿ, ನಾನು ನಿನ್ನೆ ಸಂಜೆ ಕಂಪ್ಯೂಟರ್ ಇರೋ ಆರೂ ಜನ ಟೀಚರನ್ನ ಕರೆದು ಕೇಳಿದೀನಿ. ಯಾರಾದ್ರೂ ನಿಮಗೆ ಹೀಗೆ ಒತ್ತೋಕೆ ಹೇಳಿದ್ರಾ ಅಂತ. ಒಬ್ಬರೂ ಹೂಂ ಅನ್ನಲಿಲ್ಲ. ಅವರು ನಿಮ್ಮ ಚಿಕ್ಕಮ್ಮ, ನನಗೆ ಗೊತ್ತು. ಕರುಳು ಕೇಳಲ್ಲ. ನಿಮ್ಮಂಥ ಮಗನ್ನ ಪಡೆಯೋಕೂ ಪುಣ್ಯ ಬೇಕು. ಆದ್ರೆ ಸುಳ್ಳಿನಿಂದ ಅವರನ್ನ ಉಳಿಸೋಕಾಗಲ್ಲ. ಹೋಗಿ, ಕೆಲಸ ನೋಡ್ಕೊಳ್ಳಿ."

ಆ ಆರು ಜನ ಏಕೆ ಬಾಯಿಬಿಡಲಿಲ್ಲವೆಂದು ನನಗೆ ಗೊತ್ತಿತ್ತು. ಅವರೂ ಹನ್ನೊಂದು ದಿನ ಒತ್ತಿದವರೇ. ಕೀಬೋರ್ಡು ಎತ್ತಿ ನೋಡಿದಾಗ ಚೀಟಿ ಮಾಯವಾಗಿತ್ತು. ಸುಮ್ಮನಿರಬೇಕೆಂದು ಅದರಲ್ಲೇ ಓದಿಕೊಂಡಿರಬೇಕು. ನಾನು ಕಲಿಸಿದ್ದನ್ನು ಅವರು ಚೆನ್ನಾಗಿ ಕಲಿತಿದ್ದರು.

ಸೀದಾ ಚಿಕ್ಕಮ್ಮನ ಕೋಣೆಗೆ ಹೋದೆ. ಅವಳು ಕಪಾಟಿನ ಕೆಳಗಿನ ಅರೆಯಿಂದ ಹಳೆಯ ಹೊದಿಕೆಗಳನ್ನು ತೆಗೆದು ಮಡಿಸುತ್ತಿದ್ದಳು.

"ಚೀಟಿ ಕೊಡು ಚಿಕ್ಕಮ್ಮ."

"ಯಾವ ಚೀಟಿ?"

"ಗೊತ್ತಿದ್ದೂ ಕೇಳ್ಬೇಡ. ನಿನ್ನ ಕೀಬೋರ್ಡಿನ ಅಡಿ ಇದ್ದದ್ದು. ಅದೊಂದೇ ಉಳಿದಿರೋದು. ನಾನು ಹೇಳಿದ್ರೆ ಅವರು ನಂಬ್ತಿಲ್ಲ."

"ಅದೆಲ್ಲಿದೆ? ನೀರು ಕಾಯಿಸೋ ಒಲೆಗೆ ಹಾಕಿದೆ."

"ಯಾಕೆ?"

ಅವಳು ಹೊದಿಕೆಯ ಅಂಚಿಗೆ ಅಂಚು ಕೂಡಿಸಿದಳು. "ನಿನ್ನೆ ಬೆಳಿಗ್ಗೆ ಬಿಸಿನೀರು ನೋಡೋಕೆ ಹೋಗಿದ್ದೆ. ಸ್ಟಾಫ್ ರೂಮಿನ ಕಿಟಕೀಲಿ ನೀನು ಕಾಣಿಸಿದೆ. ಒಂದೊಂದೇ ಕೀಬೋರ್ಡ್ ಮಗುಚ್ತಿದ್ದೆ. ಚಿಕ್ಕೋನಿದ್ದಾಗ ಲೋಟ ಒಡೆದು ಚೂರನ್ನ ಚಾಪೆ ಅಡಿ ತಳ್ಳುವಾಗ ಇತ್ತಲ್ಲ, ಅದೇ ಮುಖ. ಹುಡುಗ ಹೆದರಿದಾನೆ ಅಂತ ಗೊತ್ತಾಯ್ತು. ನೀನು ಆರು ಹರಿದೆ, ನಾನು ಒಂದು ಸುಟ್ಟೆ. ಮುಗೀತಲ್ಲ."

ಅವಳು ಇನ್ನೊಂದು ಹೊದಿಕೆ ಬಿಡಿಸಿದಳು.

"ನನಗೇನೋ, ಎಲ್ಲಾದ್ರೂ ನಡೆಯುತ್ತೆ. ನಿನ್ನ ಕೆಲಸಕ್ಕೆ ಹೆಸರು ಕೆಟ್ರೆ ಕಷ್ಟ ಕಣೋ. ಈ ತುದಿ ಹಿಡ್ಕೊ, ಒಬ್ಬಳಿಗೆ ಮಡಿಸೋಕಾಗ್ತಿಲ್ಲ."

ಹೊದಿಕೆಯ ತುದಿ ಹಿಡಿದುಕೊಂಡೆ. ನಾವಿಬ್ಬರೂ ಒಂಬತ್ತು ಹೊದಿಕೆ ಮಡಿಸಿದೆವು. ಪ್ರತಿ ಸಲ ತುದಿಗೆ ತುದಿ ಕೂಡಿಸಲು ಅವಳು ಹತ್ತಿರ ಬಂದಾಗ ನಾನು ಮುಖ ತಗ್ಗಿಸುತ್ತಿದ್ದೆ.

ಹೊರಗೆ ಬಂದರೆ ಎದುರಿಗೆ ಹೊಲಿಗೆ ಟೀಚರ್. ಕೊರಳಲ್ಲಿ ಅಳತೆಯ ಟೇಪು. ಟೀಚರುಗಳಲ್ಲಿ ಕಂಪ್ಯೂಟರ್ ಇಲ್ಲದವರು ಅವರೊಬ್ಬರೇ, ಹಾಗಾಗಿ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಅವರ ಕೈ ವೇಗವಾಗಿ ಓಡಿತು.

"ಚಿಕ್ಕಮ್ಮನನ್ನ ತೆಗೀತಾರಂತೆ. ನಿಜವಾ?"

"ನಿಜ."

"ಅವಳ್ಯಾಕೆ? ಕೆಂಪು ಪುಟ ತಳ್ಳೋದು ಕಲಿಸಿದ್ದು ನೀನು."

"ಹೇಳಿದೆ. ಸಾಕ್ಷಿ ಇಲ್ಲ ಅಂತಾರೆ. ಚೀಟಿ ಹರಿದುಬಿಟ್ಟೆ," ಎಂದು ಕೈಯಲ್ಲಿ ಹೇಳಿದೆ. ಹರಿಯುವುದನ್ನು ಕೈಯಲ್ಲಿ ಹೇಳುವಾಗ ಮತ್ತೊಮ್ಮೆ ಹರಿಯಲೇಬೇಕಾಗುತ್ತದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಟ್ಟೆ ಕೆಟ್ಟದಾಗಿ ಕತ್ತರಿಸಿದ ವಿದ್ಯಾರ್ಥಿಯನ್ನು ನೋಡುವ ನೋಟ ಅದು.

"ಚೀಟಿ ಹರಿದೆ, ಸರಿ. ನಾನಿಟ್ಟ ಹೆಸರನ್ನ ಹೇಗೆ ಹರೀತೀಯ?"

ಮರುದಿನ ಬೆಳಗಿನ ಸಭೆ. ದೊಡ್ಡ ಹಾಲಿನಲ್ಲಿ ಮಕ್ಕಳು ಸಾಲುಸಾಲಾಗಿ ಕೂತಿದ್ದರು. ಆ ಹಾಲಿನಲ್ಲಿ ಅಷ್ಟು ಜನ ಇದ್ದರೂ ಕೇಳುವುದು ಫ್ಯಾನಿನ ಸದ್ದು, ಬಟ್ಟೆಯ ಸರಬರ ಅಷ್ಟೇ. ಹೆಡ್‌ಮೇಡಂ ವೇದಿಕೆಯ ಮೇಲೆ ಗಡಿಯಾರ ನೋಡಿಕೊಂಡರು. ಗೇಟಿನವನು ಹಿಂದಿನ ಬಾಗಿಲಲ್ಲಿದ್ದ, ಅವನ ಪಕ್ಕ ಚಿಕ್ಕಮ್ಮ, ಕೈಯಲ್ಲಿ ಬಾಚಣಿಗೆ. ಏಳಬೇಕೋ ಬೇಡವೋ ಎಂದು ನಾನು ಕೊನೆಯ ನಿಮಿಷದವರೆಗೂ ಲೆಕ್ಕ ಹಾಕುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಅದೂ ಇನ್ನೊಂದು ಚೀಟಿ ಹರಿದಂತೆ. ಏಳದಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಒಳ್ಳೆಯ ಮಗನೆಂದು ಹೆಡ್‌ಮೇಡಂ ಒಪ್ಪಿಕೊಂಡಾಗಿತ್ತು.

ಎದ್ದೆ. ವೇದಿಕೆಯ ಮುಂದೆ ನಿಂತು ಮಕ್ಕಳನ್ನು ಕೈಯಲ್ಲಿ ಕೇಳಿದೆ.

"ನನ್ನ ಹೆಸರೇನು?"

ಅವರಿಗೆ ತಮಾಷೆ ಎನ್ನಿಸಿತು. ನೂರು ಚಿಲ್ಲರೆ ಕೈಗಳು ಎದ್ದವು. ಮುಖದ ಮುಂದೆ ಅಂಗೈ, ಎರಡು ತಟ್ಟು, ತಳ್ಳು.

"ಯಾಕೆ ಆ ಹೆಸರು ಬಂತು? ಹೆಡ್‌ಮೇಡಂಗೆ ಗೊತ್ತಿಲ್ಲ. ಹೇಳಿ."

ಏಳನೆಯ ತರಗತಿಯ ಒಬ್ಬಳು ಎದ್ದು ನಿಂತಳು. ಮೊನ್ನೆ ಮೊಗಸಾಲೆಯಲ್ಲಿ ಅಪ್ಪನನ್ನು ಕಂಡು ನಕ್ಕವಳು ಅವಳೇ. ಅವಳು ಚೊಕ್ಕವಾಗಿ, ಪಾಠ ಒಪ್ಪಿಸುವ ಹಾಗೆ ಹೇಳಿದಳು. "ಕಂಪ್ಯೂಟರಿನಲ್ಲಿ ಕೆಂಪು ಪುಟ ಬರುತ್ತೆ. ಹೆದರಬಾರದು. ಕೆಳಗೆ ಸಣ್ಣ ಅಕ್ಷರ ಇರುತ್ತೆ. ಅದನ್ನ ಒತ್ತಬೇಕು. ಎಲ್ಲ ಸರಿಹೋಗುತ್ತೆ. ಸರ್ ಕಲಿಸಿದ್ದು." ಉಳಿದವರೂ ಸುಮ್ಮನಿರಲಿಲ್ಲ. ನನಗೂ ಗೊತ್ತು, ನನಗೂ ಗೊತ್ತು ಎಂದು ಸಾಲುಸಾಲು ಕೈಗಳು ಎದುರಿಲ್ಲದ ಕೆಂಪು ಪುಟವನ್ನು ತಟ್ಟಿ ತಟ್ಟಿ ತಳ್ಳಿದವು. ಸದ್ದೇ ಇಲ್ಲ. ಹೊಲಿಗೆ ಟೀಚರ್ ಕೈಕಟ್ಟಿ ನಿಂತಿದ್ದರು. ಆರು ಜನ ಟೀಚರುಗಳು ನೆಲ ನೋಡುತ್ತಿದ್ದರು.

ಹೆಡ್‌ಮೇಡಂ ನನ್ನನ್ನು ನೋಡಲಿಲ್ಲ. ಮಕ್ಕಳ ತಲೆಗಳ ಮೇಲಿಂದ ಹಿಂದಿನ ಬಾಗಿಲಿಗೆ ನೋಡಿದರು. ಕೈ ಎತ್ತಿ ಚಿಕ್ಕಮ್ಮನನ್ನು ಕೇಳಿದರು: "ನಿಜವಾ?"

ಚಿಕ್ಕಮ್ಮ ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಖಾಲಿ ಮಾಡಿಕೊಂಡಳು. ಅವಳು ಎಂದೂ ನನ್ನನ್ನು ಆ ಹೆಸರಿನಿಂದ ಕರೆದವಳಲ್ಲ. ಅವಳಿಗೆ ಕಿವಿಯಿದೆ, ನನಗೂ ಇದೆ, ಬಾಯಲ್ಲೇ ಕರೆಯುತ್ತಿದ್ದಳು. ಈಗ ಅಂಗೈಯನ್ನು ಮುಖದ ಮುಂದೆ ತಂದಳು. ಎರಡು ಸಲ ತಟ್ಟಿದಳು. ತಳ್ಳಿದಾಗ ಅಂಗೈಯ ಹಿಂದಿನಿಂದ ಅವಳ ಮುಖ ಕಂಡಿತು. ನಾನು ಅದನ್ನು ವರ್ಣಿಸಲಾರೆ.

ಮಧ್ಯಾಹ್ನದೊಳಗೆ ತೀರ್ಮಾನ ಬದಲಾಯಿತು. ಚಿಕ್ಕಮ್ಮ ಇರುತ್ತಾಳೆ. ಸರ್ವರ್ ಕೋಣೆಯ ಬೀಗದ ಕೈ ನನ್ನಿಂದ ತೆಗೆದುಕೊಂಡರು, ನನ್ನ ವಿಷಯ ಆಮೇಲೆ ಎಂದರು. ಅಲ್ಲಿಯವರೆಗೆ ನೂರ ನಲವತ್ತಮೂರು ಮನೆಗಳಿಗೂ ನಡೆದದ್ದು ನಡೆದಂತೆ ನಾನೇ ನನ್ನ ಹೆಸರಿನಲ್ಲಿ ಬರೆಯಬೇಕು. "ತೊಂದರೆ ಇತ್ತು ಅಂತ ಬರೀಬೇಡಿ," ಎಂದರು ಹೆಡ್‌ಮೇಡಂ. "ಮಾಡಿದೆ ಅಂತ ಬರೀರಿ."

ಶನಿವಾರ ವಾರ್ಡನ್ ಕೋಣೆಯಲ್ಲಿ ಚಿಕ್ಕಮ್ಮನ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತೆ. ಸಭೆಯ ದಿನದಿಂದ ಅವಳು ನನ್ನ ಹತ್ತಿರ ಮಾತಾಡಿರಲಿಲ್ಲ. ಉಳಿಸಿದ್ದಕ್ಕೆ ಕೋಪವೋ, ಮಕ್ಕಳ ಕೈಯಿಂದ ಹೇಳಿಸಿ ಎಲ್ಲರೆದುರು ಅವಳನ್ನು ಸುಳ್ಳಿಯನ್ನಾಗಿ ಮಾಡಿದ್ದಕ್ಕೋ, ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿತ್ತೆಂದು ಅನ್ನಿಸಲಿಲ್ಲ. ಅವಳು ಪುಟ್ಟಿಯ ಮನೆಗೆ ಹೊಸ ಕಿವಿಯಂತ್ರದ ಬಗ್ಗೆ ಬರೆಯುತ್ತಿದ್ದಳು. ನಾನು ಮೊದಲ ಪತ್ರವನ್ನು, ಅಂದು ಬಂದಿದ್ದ ಆ ತಂದೆಗೆ, ಬರೆದು ಮುಗಿಸಿ ಅವಳ ಕಡೆ ಪರದೆ ತಿರುಗಿಸಿದೆ.

ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು. ಅಲ್ಲಿ ನಾನು, ಯೋಚಿಸದೆಯೇ, ಇನ್ನು ಮುಂದೆ ಎಲ್ಲ ಸರಿಹೋಗುತ್ತದೆ ಎಂದು ಬರೆದಿದ್ದೆ.

ಚಿಕ್ಕಮ್ಮ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ಒಂದೊಂದೇ ಅಕ್ಷರವಾಗಿ ಆ ಸಾಲನ್ನು ಅಳಿಸಿದಳು. ಆಮೇಲೆ ಕೀಬೋರ್ಡನ್ನು ನನ್ನ ಕಡೆಗೆ ಸರಿಸಿ, "ಹೂಂ, ಮುಂದಿನದು ಬರಿ," ಎಂದಳು.